ಫರಸಿ ಓಣಿಯ ಉಸಿರುಗೋಡೆ

ಗೋಡೆ ಉಸಿರಾಡಿದರೆ ಏನಾದೀತು ಎಂಬ ಪ್ರಶ್ನೆ ನೀಲಗಂಗಾಳ ತಲೆ ಹೊಕ್ಕಿದ್ದು ಆರ್ಕಿಟೆಕ್ಚರ್ ಕಾಲೇಜಿನ ಮೊದಲ ವರ್ಷದಲ್ಲಿ, ಪರೀಕ್ಷಕರ ಎದುರು ನಿಂತು ನಗೆಪಾಟಲಾಗುತ್ತಿದ್ದಾಗ. ‘ಒಬ್ಬರೇ ಇರುವುದಕ್ಕೊಂದು ಮನೆ’ ಎಂಬುದು ಆ ಸಲದ ಅಭ್ಯಾಸ. ಉಳಿದವರೆಲ್ಲ ರಟ್ಟು ಕತ್ತರಿಸಿ ಚೌಕ ಚೌಕ ಮನೆ ಮಾಡಿ ತಂದಿದ್ದರು. ಇವಳು ತಂದದ್ದು ಒಂದು ಹರವಿ, ನೀರು ತುಂಬಿಡುವ ಮಣ್ಣಿನ ದೊಡ್ಡ ಗಡಿಗೆ. ಅದರ ಹೊಟ್ಟೆಗೆ ಕಿಂಡಿ ಕೊರೆದು ಒಳಗೆ ಬೆರಳುದ್ದದ ಮಂಚ ಇಟ್ಟಿದ್ದಳು. ಅವಳ ಅಜ್ಜಿ ಹೇಳುತ್ತಿದ್ದ ಕಥೆಯೊಂದಿತ್ತು. ಸೂರ್ಯನಿಗೆ ಒಬ್ಬ ರಾಜಕುಮಾರಿಯ ಮೇಲೆ ಮನಸ್ಸಾಗಿ, ಹೆಣ್ಣು ಕೇಳಲು ನೆಲದವರೆಗೂ ಇಳಿದುಬಂದನಂತೆ. ಊರಿಗೆ ಊರೇ ಕರಕಲಾಗುತ್ತಿದ್ದರೂ ರಾಜಕುಮಾರಿ ಮಾತ್ರ ಕುಂಬಾರನ ಹರವಿಯೊಳಗೆ ಅವಿತು, ಹನ್ನೆರಡು ವರ್ಷದ ಬೇಸಿಗೆಯನ್ನು ತಣ್ಣಗೆ ಕಳೆದಳಂತೆ.

“ಹೊರಗ ಬರೋ ಬಾಗಿಲು ಎಲ್ಲದನವ್ವಾ?” ಎಂದರು ಪರೀಕ್ಷಕರು.

“ಬೇಸಿಗಿ ಮುಗೀಲಿ ಸರ್, ಆಮ್ಯಾಲ ಇಡ್ತೀನಿ.”

ಇಡೀ ತರಗತಿ ನಕ್ಕಿತು. ಹತ್ತಕ್ಕೆ ಮೂರು ಅಂಕ ಬಂತು. ಆದರೆ ಕಿಂಡಿಯೊಳಗೆ ಕೈ ಹಾಕಿದ ಪರೀಕ್ಷಕರು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೈಯನ್ನು ಅಲ್ಲೇ ಬಿಟ್ಟದ್ದನ್ನು ನೀಲಗಂಗಾ ನೋಡಿದ್ದಳು. ಆ ದಿನ ಹೊರಗೆ ನಲವತ್ತಾರು ಡಿಗ್ರಿ ಇತ್ತು.

ಆ ಹೊತ್ತಿಗೆ ಕಾಗಿಣಾ ನದಿ ದಂಡೆಯ ಊರುಗಳಲ್ಲಿ ಬೇಸಿಗೆ ಎಂಬುದು ಋತುವಾಗಿ ಉಳಿದಿರಲಿಲ್ಲ, ಸರಕಾರಿ ಆದೇಶವಾಗಿತ್ತು. ಯುಗಾದಿ ಕಳೆದು ಎರಡು ವಾರಕ್ಕೆ ಬೇಸಿಗೆ ರಕ್ಷಣಾ ಮಂಡಳಿಯವರು ಬಂದು, ವಾಸಕ್ಕೆ ಯೋಗ್ಯವಲ್ಲದ ಓಣಿಗಳ ಮಂದಿಯನ್ನು ಬಸ್ಸು ಹತ್ತಿಸಿ ಊರಾಚೆಯ ತಂಪುಶಾಲೆಗೆ ಒಯ್ಯುತ್ತಿದ್ದರು. ಗೋದಾಮಿನಂಥ ಕಟ್ಟಡ, ಆರುನೂರು ಮಂಚ, ಸದಾ ಗುಂಯ್‌ಗುಡುವ ಯಂತ್ರ. ಮಳೆ ಬೀಳುವವರೆಗೆ ಅಲ್ಲೇ. ಜೀವ ಉಳಿಯುತ್ತಿತ್ತು, ಸುಳ್ಳಲ್ಲ. ಆದರೆ ಅಲ್ಲಿ ಒಲೆ ಹಚ್ಚುವಂತಿರಲಿಲ್ಲ. ಫರಸಿ ಎಂಬ ಹಾಸುಗಲ್ಲಿನ ಗಣಿಗಳ ಪಕ್ಕದ ಫರಸಿ ಓಣಿಯಲ್ಲಿದ್ದ ನಲವತ್ತೊಂದು ಮನೆಗಳೂ ಆ ಪಟ್ಟಿಯಲ್ಲಿದ್ದವು. ಅದರಲ್ಲಿ ಹನ್ನೆರಡನೆಯದು ನೀಲಗಂಗಾಳ ತಾಯಿ ಚಂದಮ್ಮನದು. ಚಂದಮ್ಮ ದಿನಕ್ಕೆ ಮುನ್ನೂರು ಜೋಳದ ರೊಟ್ಟಿ ಬಡಿದು ಅಂಗಡಿಗಳಿಗೆ ಕೊಡುವವಳು. ತಂಪುಶಾಲೆಯ ಮಂಚದ ಮೇಲೆ ಕೂತು ಆಕೆ ಸುಮ್ಮನೆ ಮೊಣಕಾಲ ಮೇಲೆ ತಟ್ಟಿಕೊಳ್ಳುತ್ತಿದ್ದಳು.

“ಏನ್ ಮಾಡ್ಲತ್ತೀ ಅವ್ವಾ?” ಎಂದು ನೀಲಗಂಗಾ ಕೇಳಿದರೆ, “ಕೈಗಿ ಬಡಿಯೋದು ಮರ್ತ್ ಹೋದೀತು ಅಂತ ನೆನಪ ಮಾಡ್ಲತ್ತೀನಿ,” ಎನ್ನುತ್ತಿದ್ದಳು.

ಹೀಗಾಗಿ ನೀಲಗಂಗಾ ಯಾವ ನಕ್ಷೆ ಬರೆಯಲು ಕೂತರೂ ಅದು ಸುತ್ತಿ ಬಳಸಿ ಹರವಿಗೇ ಬಂದು ನಿಲ್ಲುತ್ತಿತ್ತು. ಎರಡನೆಯ ವರ್ಷ ಬಸ್ ನಿಲ್ದಾಣ ಮಾಡಲು ಹೇಳಿದರು. ಇವಳು ನೀರು ಜಿನುಗುವ ಮಣ್ಣಿನ ಕೊಳವೆಗಳ ಗೋಡೆ ಮಾಡಿದಳು. ಎರಡು ದಿನ ತಂಪಾಗಿತ್ತು, ಮೂರನೆಯ ದಿನ ಪಾಚಿ ಕಟ್ಟಿ ನಾರಿತು. ಮೂರನೆಯ ವರ್ಷ ಶಾಲೆಯ ಗ್ರಂಥಾಲಯ. ಅದರ ಗೋಡೆಯ ತುಂಬ ಕಿಟಕಿಯಂಥ ಸಣ್ಣ ಸಣ್ಣ ಮುಚ್ಚಳಗಳು. “ಇಷ್ಟನ್ನೂ ದಿನಾ ತೆಗೆದು ಮುಚ್ಚೋರು ಯಾರು, ನಿಮ್ಮ ಅಜ್ಜಿಯೇನು?” ಎಂದು ಪ್ರೊಫೆಸರರು ಛೇಡಿಸಿದರು. ಅವಳಿಗೆ ಸಿಟ್ಟು ಬರಲಿಲ್ಲ. ಪ್ರಶ್ನೆ ಸರಿಯಾಗಿಯೇ ಇತ್ತು. ತೆಗೆಯುವವರು ಯಾರು?

ಉತ್ತರ ಸಿಕ್ಕಿದ್ದು ಜೀವವಿಜ್ಞಾನ ವಿಭಾಗದ ತುಳಜಾರಾಮನ ಬಳಿ. ದಪ್ಪ ಕನ್ನಡಕದ, ಸದಾ ಅರ್ಧ ಚಹಾ ಕುಡಿದು ಮರೆತುಬಿಡುವ ಸಂಶೋಧಕ. ಅವನು ಗಾಜಿನ ತಟ್ಟೆಯಲ್ಲಿ ಒಂದು ತೆಳ್ಳನೆಯ ಪಟ್ಟಿ ಇಟ್ಟು ಅದರ ಮೇಲೆ ಹಾ ಎಂದು ಉಸಿರು ಬಿಟ್ಟ. ಮುದುಡಿಕೊಂಡಿದ್ದ ಪಟ್ಟಿ ಎಲೆಯಂತೆ ಬಿಚ್ಚಿಕೊಂಡಿತು. ಉಸಿರು ಆರಿದೊಡನೆ ಮತ್ತೆ ಸುರುಳಿಯಾಯಿತು.

“ಮಣ್ಣಾಗ ಇರೋ ಒಂದು ಜಾತಿ ಬ್ಯಾಕ್ಟೀರಿಯಾ,” ಎಂದ. “ನೀರು ಸಿಗಲಿಲ್ಲಂದ್ರ ಸಾಯಲ್ಲ, ಬೀಜಕಣ ಆಗಿ ಮಲಗ್ತದ. ತೇವ ತಾಗಿದ್ರ ಉಬ್ಬತದ, ಒಣಗಿದ್ರ ಕುಗ್ಗತದ. ಪಟ್ಟಿ ಒಂದು ಮಗ್ಗಲಿಗಿ ಅದನ್ನ ಲೇಪ ಮಾಡೀನಿ. ಕರೆಂಟ್ ಬ್ಯಾಡ, ಯಂತ್ರ ಬ್ಯಾಡ. ಹೆಂಗದ?”

ನೀಲಗಂಗಾ ತಟ್ಟೆಯ ಮೇಲೆ ಬಗ್ಗಿ ತಾನೂ ಒಮ್ಮೆ ಉಸಿರು ಬಿಟ್ಟಳು. ಅವಳ ಕಣ್ಣಿಗೆ ಆ ಪಟ್ಟಿ ಒಂದು ರೆಪ್ಪೆಯಂತೆ ಕಂಡಿತ್ತು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವಳು ಪೊಳ್ಳು ಇಟ್ಟಿಗೆಗಳ ಒಂದು ಗೋಡೆ ಕಟ್ಟಿದಳು. ಇಟ್ಟಿಗೆಯ ಹೊಟ್ಟೆಯಲ್ಲಿ ಬಟ್ಟೆ ಒಗೆದ ನೀರು ಜಿನುಗುವ ಹಸಿ ಮಣ್ಣು, ಹೊರಮೈ ತುಂಬ ಕಿಂಡಿ, ಕಿಂಡಿಗೊಂದು ರೆಪ್ಪೆ. ಬಿಸಿಲೇರಿ ಗಾಳಿ ಒಣಗಿದಾಗ ರೆಪ್ಪೆಗಳು ತಾವಾಗಿ ಮುದುಡಿ ಕಿಂಡಿ ತೆರೆಯುತ್ತಿದ್ದವು. ಒಣಗಾಳಿ ಒಳಹೊಕ್ಕು ಹಸಿಮಣ್ಣಿನ ನೀರನ್ನು ಹೀರುತ್ತ ಗೋಡೆಯನ್ನು ತಂಪು ಮಾಡುತ್ತಿತ್ತು. ಒಳಗೆ ತೇವ ಸಾಕೆನಿಸಿದರೆ ಅಥವಾ ಸಂಜೆಯಾದರೆ ರೆಪ್ಪೆ ಮುಚ್ಚಿ ನೀರು ಉಳಿಯುತ್ತಿತ್ತು. ಮಧ್ಯಾಹ್ನ ಎರಡಕ್ಕೆ ಆ ಗೋಡೆಯ ಮುಂದೆ ಕಿವಿಯಿಟ್ಟರೆ ಸಾವಿರಾರು ರೆಪ್ಪೆಗಳು ಸರಸರ ಎನ್ನುವುದು ಕೇಳುತ್ತಿತ್ತು. ಈ ಸಲ ಯಾರೂ ನಗಲಿಲ್ಲ.

ಕಾಲೇಜು ಮುಗಿಸಿದ ಮೇಲೆ ಕಲಬುರಗಿಯ ಆರ್ಕಿಟೆಕ್ಟ್ ದಂಡೋತಿ ಮೇಡಂ ಅವಳನ್ನು ಕೆಲಸಕ್ಕೆ ತೆಗೆದುಕೊಂಡರು. ಒಂದೂವರೆ ವರ್ಷ ಅವಳು ಬರೆದದ್ದು ಕಲ್ಯಾಣ ಮಂಟಪಗಳ ಶೌಚಾಲಯ, ಆಸ್ಪತ್ರೆಯ ಪಾರ್ಕಿಂಗು, ಯಾರದೋ ಬಂಗಲೆಯ ಸಿಂಹದ ಮೂತಿಯ ಗೇಟು. “ಶೌಚಾಲಯ ನೆಟ್ಟಗ ಬರ್ದೋರಿಗಿ ಅರಮನಿ ಬರೀಲಕ್ಕ ಬರ್ತದ,” ಎನ್ನುತ್ತಿದ್ದ ಮೇಡಂ, ಒಂದು ದಿನ ಮಂಡಳಿಯ ಕಾಗದವೊಂದನ್ನು ತಂದು ಅವಳ ಮೇಜಿನ ಮೇಲಿಟ್ಟರು. ಫರಸಿ ಓಣಿಯನ್ನು ಊರ ನಕ್ಷೆಯಿಂದಲೇ ತೆಗೆದು, ಮಂದಿಯನ್ನು ಕಾಯಂ ಆಗಿ ತಂಪುಶಾಲೆಯ ಹೊಸ ಗೋಪುರಕ್ಕೆ ಸಾಗಿಸುವ ಆಲೋಚನೆ ಇತ್ತು. ಒಂದೇ ಒಂದು ದಾರಿ ಬಿಟ್ಟಿದ್ದರು. ಹೊರಗೆ ನಲವತ್ತೈದು ದಾಟಿದಾಗಲೂ ಮನೆಯೊಳಗೆ ಮೂವತ್ಮೂರು ಮೀರದಂತೆ ಸತತ ಮೂರು ದಿನ ತಡೆದು ತೋರಿಸಿದರೆ ಓಣಿ ಉಳಿಯುತ್ತದೆ.

“ನಿಮ್ಮ ಓಣಿ,” ಎಂದರು ಮೇಡಂ. “ನೀನೇ ಬರಿ.”

ನಲವತ್ತೊಂದು ಮನೆಗಳ ಪಡುವಣ ಮತ್ತು ತೆಂಕಣ ಗೋಡೆಗಳನ್ನು ಒಡೆದು ಉಸಿರುಗೋಡೆ ಕಟ್ಟಿದರು. ಚಳಿಗಾಲದ ಹೊತ್ತಿಗೆ ಕೆಲಸ ಮುಗಿಯಿತು. ಫೆಬ್ರವರಿಯ ಬಿಸಿಲಿಗೆ ಗೋಡೆಗಳು ಕಣ್ಣು ಬಿಟ್ಟವು. ಮೇಡಂ ಕಚೇರಿಯ ಹಿಂದಿನ ಕೋಣೆಯಲ್ಲಿ, ಈ ಕೆಲಸಕ್ಕೆ ಕೈಜೋಡಿಸಿದ್ದ ತುಳಜಾರಾಮ ಒಂದು ಪರದೆ ಹಾಕಿ ಕೂತ. ಅದರಲ್ಲಿ ಮನೆಗೊಂದರಂತೆ ನಲವತ್ತೊಂದು ಚೌಕಗಳು. ಮನೆಯೊಳಗೆ ಮೂವತ್ಮೂರರ ಒಳಗಿದ್ದರೆ ಹಸಿರು, ಮೀರಿದರೆ ಕೆಂಪು. ದಿನವೂ ಪರದೆ ಗದ್ದೆಯಂತೆ ಹಸಿರಾಗಿರುತ್ತಿತ್ತು.

ರೆಪ್ಪೆಗಳು ನಾಜೂಕು. ಆದ್ದರಿಂದ ನೀಲಗಂಗಾ ನಕ್ಷೆಯ ಹದಿನಾಲ್ಕನೆಯ ಸೂಚನೆಯಾಗಿ ‘ನಿವಾಸಿಗಳು ಗೋಡೆಯನ್ನು ಮುಟ್ಟತಕ್ಕದ್ದಲ್ಲ’ ಎಂದು ಬರೆದಿದ್ದಳು. ಅದನ್ನೇ ತಗಡಿನ ಫಲಕ ಮಾಡಿಸಿ ಪ್ರತಿ ಮನೆಯ ಮುಂದೆ ಹೊಡೆಸಿದ್ದಳು.

ಆ ವರ್ಷ ಯುಗಾದಿಯೂ ರಂಜಾನೂ ಒಂದೇ ವಾರದಲ್ಲಿ ಬಂದವು. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಬೆಳಿಗ್ಗೆ ಹನ್ನೊಂದಕ್ಕೆ ತುಳಜಾರಾಮ ಕೂಗಿದ. “ನೀಲಾ, ಇಲ್ಲಿ ಬಾ. ಗದ್ದಿಗಿ ಬೆಂಕಿ ಬಿದ್ದದ.”

ಪರದೆಯ ಮೇಲೆ ಚೌಕಗಳು ಒಂದೊಂದಾಗಿ ಕೆಂಪಾಗುತ್ತಿದ್ದವು. ಮೂವತ್ನಾಲ್ಕು, ಮೂವತ್ತಾರು. ಮಧ್ಯಾಹ್ನದ ಹೊತ್ತಿಗೆ ಮೂವತ್ತೆಂಟು. ರೆಪ್ಪೆಗಳು ಅಲುಗುತ್ತಲೇ ಇರಲಿಲ್ಲ. ಹದಿನೇಳನೆಯ ಚೌಕವೊಂದು ಮಾತ್ರ ಹಸಿರಾಗಿ ಕೂತಿತ್ತು.

“ಆ ಹದಿನೇಳು ಕೆಟ್ಟದ,” ಎಂದ ತುಳಜಾರಾಮ. “ಅದರ ಮಾತು ಹಿಡಿಯಬ್ಯಾಡ.”

ನೀಲಗಂಗಾ ಸಿಕ್ಕಿದ ರೈಲು ಹತ್ತಿ ಓಣಿಗೆ ಬಂದಳು. ಓಣಿಯ ಬಾಯಿಯಲ್ಲಿ ನಿಂತವಳಿಗೆ ಕಣ್ಣು ಕೋರೈಸಿತು. ಇಡೀ ಓಣಿ ಹಾಲಿನಲ್ಲಿ ಅದ್ದಿ ತೆಗೆದಂತೆ ಬೆಳ್ಳಗಿತ್ತು. ಗೋಡೆಗಳಿಗೆ ಎರಡೆರಡು ಕೈ ಸುಣ್ಣ ಬಿದ್ದಿತ್ತು. ರೆಪ್ಪೆಗಳೆಲ್ಲ ಸುಣ್ಣದಡಿ ಅಂಟಿಕೊಂಡು ಮುಚ್ಚಿಹೋಗಿದ್ದವು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊಣಕೈವರೆಗೂ ಸುಣ್ಣ ಮೆತ್ತಿಕೊಂಡಿದ್ದ ಚಂದಮ್ಮ ಮಗಳನ್ನು ಕಂಡು ಹಿಗ್ಗಿದಳು.

“ನೋಡವ್ವಾ, ನೀ ಕಟ್ಟಿದ್ದಕ್ಕ ನಾವು ಕಳಾ ತಂದೀವಿ.”

“ಅವ್ವಾ, ಮುಟ್ಟಬ್ಯಾಡ್ರಿ ಅಂತ ಬೋರ್ಡ್ ಬರ್ದೀನಲ್ಲ.”

“ಬರ್ದೀದಿ. ಬೋರ್ಡ್ ಬಿಟ್ಟೇ ಹಚ್ಚೀವಿ, ನೋಡು.” ಚಂದಮ್ಮ ತೋರಿಸಿದಳು. ನಿಜ, ತಗಡಿನ ಸುತ್ತ ಅಂಚು ಕಟ್ಟಿದಂತೆ ಸುಣ್ಣ ಬಳಿದಿದ್ದರು. “ಸುಣ್ಣಿಲ್ಲದ ಮನಿ ಮುಂದ ಹಬ್ಬ ಬರ್ತದೇನು? ಅದೂ ಈ ವರ್ಷ. ಇದಾ ಕಡೀ ಹಬ್ಬ ಆದ್ರ ಅಂತ ಎಲ್ಲಾರೂ ಎರಡು ಕೈ ಹೆಚ್ಚಿಗೇ ಹಚ್ಯಾರ.”

ನೀಲಗಂಗಾ ಕಟ್ಟೆಯ ಮೇಲೆ ಕುಸಿದಳು. ಮಂಡಳಿಯ ಪರೀಕ್ಷೆಗೆ ಉಳಿದದ್ದು ಹತ್ತು ದಿನ. ಉಜ್ಜಿ ತೆಗೆದರೆ ರೆಪ್ಪೆ ಹರಿಯುತ್ತದೆ, ಬಿಟ್ಟರೆ ಓಣಿ ಹೋಗುತ್ತದೆ. ಮೇಡಂಗೆ ಫೋನು ಹಚ್ಚಿ ಎಲ್ಲ ಹೇಳಿ, “ಅವರಿಗಿ ತಿಳುವಳಿಕಿನೇ ಇಲ್ಲ ಮೇಡಂ,” ಎಂದು ಬಿಕ್ಕಿದಳು.

ಅತ್ತ ಕಡೆಯಿಂದ ದಂಡೋತಿ ಮೇಡಂ ಕೇಳಿದರು. “ನೀ ಅದಾ ಓಣ್ಯಾಗ ಹುಟ್ಟಿದಾಕಿ. ಯುಗಾದಿಗಿ ಸುಣ್ಣ ಹಚ್ತಾರ ಅಂತ ನಿನಗ ಗೊತ್ತಿರಲಿಲ್ಲೇನು? ಮನಿ ಕಟ್ಟಿ ಮುಟ್ಟಬ್ಯಾಡ್ರಿ ಅಂದ್ರ ಅದು ಮನಿ ಅಲ್ಲ, ಮ್ಯೂಸಿಯಂ. ತಪ್ಪು ಗ್ವಾಡಿದಲ್ಲ, ನಿನ್ನ ಹದಿನಾಲ್ಕನೇ ಸೂಚನೆದು. ಮುಖ ತೊಳಕೊಂಡು ಹದಿನೇಳನೇ ಮನಿಗಿ ಹೋಗು. ಕೆಟ್ಟದೋ ಇಲ್ಲೋ ನೋಡ್ಕೊಂಡು ಬಾ.”

ಹದಿನೇಳನೆಯ ಮನೆ ಖಾಜಾಬೀಯದು. ಅವರ ಗಂಡ ಊರಿಗೇ ಹೆಸರಾದ ಗೌಂಡಿಯಾಗಿದ್ದರು. ಗೋಡೆ ಕಟ್ಟಿಸಿದರೆ ಅವರ ಕೈಯಲ್ಲೇ ಕಟ್ಟಿಸಬೇಕು ಎನ್ನುತ್ತಿದ್ದರು ಮಂದಿ. ಅವರ ಮನೆ ಸುಣ್ಣ ಕಾಣದೆ ಉಳಿದಿರಬೇಕು ಎಂದುಕೊಂಡು ಹೋದ ನೀಲಗಂಗಾಳಿಗೆ ಕಂಡದ್ದು ಓಣಿಯಲ್ಲೇ ಎಲ್ಲಕ್ಕಿಂತ ಬೆಳ್ಳನೆಯ ಗೋಡೆ. ಆದರೆ ಆ ಬಿಳುಪು ಅಲುಗುತ್ತಿತ್ತು. ಸುಣ್ಣ ಹೊತ್ತುಕೊಂಡೇ ರೆಪ್ಪೆಗಳು ಮುದುಡಿ, ಬಿಚ್ಚಿ, ಸರಸರ ಎನ್ನುತ್ತಿದ್ದವು. ಒಳಗೆ ಕಾಲಿಟ್ಟರೆ ಮೈ ಜುಂ ಎನ್ನುವಷ್ಟು ತಂಪು. ಗೋಡೆಯ ಮೇಲಿನ ಮಾಪಕ ಮೂವತ್ತು ತೋರಿಸುತ್ತಿತ್ತು. ಸುಣ್ಣ ಬಳಿಯುವುದಕ್ಕೆ ಮುಂಚೆ ಇದೇ ಮನೆ ಮಧ್ಯಾಹ್ನದ ಹೊತ್ತು ಮೂವತ್ತೆರಡಕ್ಕಿಂತ ಇಳಿದಿರಲಿಲ್ಲ.

“ಖಾಲಾ, ಸುಣ್ಣದಾಗ ಏನ್ ಹಾಕೀರಿ?”

“ಏನ್ ಹಾಕ್ತಾರ ಬೇಟಾ? ಪಾಪಾಸುಕಳ್ಳಿ.” ಖಾಜಾಬೀ ಪೀಪಾಯಿ ತೋರಿಸಿದರು. ಮುಳ್ಳು ಸವರಿ ಹೋಳು ಮಾಡಿದ ಕಳ್ಳಿ ರಾತ್ರಿಯಿಡೀ ನೀರಿನಲ್ಲಿ ನೆನೆದು ಲೋಳೆ ಬಿಟ್ಟಿತ್ತು. “ನಮ್ಮ ಯಜಮಾನ್ರು ಬರೀ ಸುಣ್ಣ ಹಚ್ಚಿದೋರಿಗಿ ಬೈತಿದ್ರು. ಬರೀ ಸುಣ್ಣ ಬಿರುಸು, ಕಲ್ಲಾಗಿ ಕುಂಡ್ರತದ, ಗ್ವಾಡಿ ದಮ್ ಕಟ್ತದ ಅಂತಿದ್ರು. ಕಳ್ಳಿ ಲೋಳಿ ಹಾಕಿದ್ರ ಸುಣ್ಣ ಚರ್ಮದಂಗ ಬಾಗ್ತದ. ಈಗಿನ ಮಂದಿ ಎಲ್ಲಿ ಮಾಡ್ತಾರ, ಡಬ್ಬಿ ಸುಣ್ಣ ತರ್ತಾರ, ನೀರು ಹಾಕ್ತಾರ, ಬಳೀತಾರ. ಚಾ ಕುಡೀತಿಯೇನು? ಅಳಬ್ಯಾಡ, ಹಬ್ಬದ ಮುಂದ.”

ನೀಲಗಂಗಾ ಅಳುತ್ತಿರಲಿಲ್ಲ. ಗೋಡೆಗೆ ಕೆನ್ನೆ ಹಚ್ಚಿ ನಿಂತಿದ್ದಳು.

ಸಂಜೆಯೊಳಗೆ ತುಳಜಾರಾಮ ಬಂದು ಭೂತಗನ್ನಡಿ ಹಿಡಿದು ನೋಡಿದ. ಲೋಳೆ ಬೆರೆತ ಸುಣ್ಣ ರೆಪ್ಪೆಯ ಅಂಚಿಗೆ ಸರಿಯಾಗಿ ಎಳೆಯಂತೆ ಬಿರುಕು ಬಿಟ್ಟು ದಾರಿ ಕೊಟ್ಟಿತ್ತು. ಜೊತೆಗೆ ಬಿಳುಪು ಬಿಸಿಲನ್ನೂ ಹಿಂದಕ್ಕೆ ಹೊಡೆಯುತ್ತಿತ್ತು. “ಎರಡು ವರ್ಷ ಲ್ಯಾಬಿನಾಗ ಕುಂತು ನಾ ಹುಡುಕಿದ್ರೂ ಸಿಗದ ಲೇಪ ಇದು,” ಎಂದು ಅವನು ಪೀಪಾಯಿಯೊಳಗೆ ಬಗ್ಗಿ ನೋಡುತ್ತ ಗೊಣಗಿದ. “ಖಾಲಾ, ನಿಮಗ ಡಾಕ್ಟರೇಟ್ ಕೊಡಬೇಕು.”

“ಅದು ಯಾವ ಬ್ಯಾನಿಗಿ ಕೊಡ್ತಾರಪ್ಪಾ?” ಎಂದರು ಖಾಜಾಬೀ.

ಉಳಿದ ನಲವತ್ತು ಮನೆಗಳ ಸುಣ್ಣ ಬಿಡಿಸುವುದು ಹೇಗೆ ಎಂಬ ಪ್ರಶ್ನೆ ಉಳಿಯಿತು. ಉಜ್ಜುವಂತಿಲ್ಲ, ಕೆರೆಯುವಂತಿಲ್ಲ. ಎಲ್ಲರೂ ತಲೆಗೆ ಕೈ ಹೊತ್ತು ಕೂತಾಗ, ಇಷ್ಟೊತ್ತೂ ಅಪರಾಧಿಯಂತೆ ಮೂಲೆಯಲ್ಲಿ ನಿಂತಿದ್ದ ಚಂದಮ್ಮ ಬಾಯಿ ಬಿಟ್ಟಳು. “ನೀರಿನ ಕೊಡಕ್ಕ ಸುಣ್ಣದ ಬಿಳಿ ಗಾರು ಕಟ್ಟಿದ್ರ ನಾವು ಹುಣಸಿಹುಳಿ ಹಚ್ಚಿ ಬಿಡ್ತೀವಿ. ತಾನಾ ಬಿಡ್ತದ. ಗ್ವಾಡಿಗಿ ಹಚ್ಚಿದ್ರ ನಡೀತದೋ ಇಲ್ಲೋ, ನಾ ಏನ್ ಕಲ್ತಾಕಿ ಅಲ್ಲ.”

ತುಳಜಾರಾಮ ನೀಲಗಂಗಾಳ ಮುಖ ನೋಡಿದ. ಹುಳಿ ಸುಣ್ಣವನ್ನು ಕರಗಿಸುತ್ತದೆ. ಬೀಜಕಣಗಳೋ, ಬರಗಾಲಗಳನ್ನೇ ನಿದ್ದೆಯಲ್ಲಿ ಕಳೆದ ಜೀವಗಳು. ಹುಣಸೆಹುಳಿಗೆ ಅಂಜುತ್ತವೆಯೇ? ಒಂದು ಮೊಳ ಗೋಡೆಗೆ ಹಚ್ಚಿ ನೋಡಿದರು. ಬುರುಬುರು ನೊರೆ ಎದ್ದು ಸುಣ್ಣ ಇಳಿಯಿತು. ಮರುದಿನ ಬಿಸಿಲೇರುತ್ತಲೇ ಅಷ್ಟಗಲದ ರೆಪ್ಪೆಗಳು ಕಣ್ಣು ಬಿಟ್ಟವು.

ಆಮೇಲಿನದು ಹಬ್ಬವೋ ಯುದ್ಧವೋ ಹೇಳುವುದು ಕಷ್ಟ. ಗಣಿಯ ಅಂಚಿನಿಂದ ಕಳ್ಳಿ ಕಡಿದು ತಂದರು, ಮನೆಮನೆಯ ಹುಣಸೆಹಣ್ಣೆಲ್ಲ ಒಂದೇ ಹಂಡೆಗೆ ಬಿತ್ತು. ರೋಜಾ ಉಪವಾಸ ಇದ್ದವರು ಸಂಜೆಯ ಪಾಳಿ, ಉಳಿದವರು ಬೆಳಗಿನ ಪಾಳಿ. “ಈ ವರ್ಷ ಸಾರಿಗಿ ಹುಳಿ ಇಲ್ಲ, ಗ್ವಾಡಿ ನೆಕ್ಕಿ ಉಣ್ರಿ,” ಎಂದು ಹೆಂಗಸರು ಗಂಡಂದಿರನ್ನು ಕಾಡಿದರು. ನಡುವೆ ಬೇವು ಬೆಲ್ಲವೂ ಆಯಿತು, ರಂಜಾನಿನ ಸುರಕುಂಬಾ ಪಾಯಸವೂ ಆಯಿತು. ಎಂಟನೆಯ ದಿನ ನಲವತ್ತೊಂದನೆಯ ಗೋಡೆ ಬೆಳ್ಳಗಾಯಿತು.

ಮಂಡಳಿಯ ಎಂಜಿನಿಯರ್ ಮಾನ್ವೀಕರ್ ಸಾಹೇಬರು ಬಂದವರೇ ಕಡತ ತೆರೆದರು. ಮೆಲುಮಾತಿನ, ನಿಯಮವನ್ನು ಮೂಗಿನ ತುದಿಯಲ್ಲಿಟ್ಟುಕೊಂಡ ಮನುಷ್ಯ. “ಮಂಜೂರಾದ ನಕ್ಷ್ಯಾಗ ಈ ಬಿಳಿ ಲೇಪ ಇಲ್ಲಲ್ರೀ. ಬದಲು ಮಾಡಿದ್ರ ಪರೀಕ್ಷಾ ರದ್ದು ಅಂತ ನಿಯಮ ಅದ.”

ನೀಲಗಂಗಾ ಹೊಸ ನಕ್ಷೆ ಮುಂದಿಟ್ಟಳು. ಹದಿನಾಲ್ಕನೆಯ ಸೂಚನೆಯ ಮೇಲೆ ಅಡ್ಡಗೆರೆ ಎಳೆದು ಕೆಳಗೆ ಬೇರೆ ಬರೆದು ಸಹಿ ಹಾಕಿದ್ದಳು: ‘ಪ್ರತಿ ವರ್ಷ ಹಬ್ಬಕ್ಕೆ ಮುಂಚೆ ನಿವಾಸಿಗಳು ಕಳ್ಳಿಲೋಳೆ ಬೆರೆಸಿದ ಸುಣ್ಣವನ್ನು ಗೋಡೆಗೆ ಬಳಿಯತಕ್ಕದ್ದು.’

“ಸರ್, ಮದಲಿನ ನಕ್ಷಿ ತಪ್ಪಿತ್ತು. ಬರ್ದಾಕಿ ನಾನೇ. ಮಂದಿ ತಪ್ಪಲ್ಲ. ಪರೀಕ್ಷಾ ಈ ಹೊಸ ನಕ್ಷಿ ಮ್ಯಾಲ ಇವತ್ತಿಂದ ಎಣಸ್ರಿ. ಮತ್ತ ಒಂದು ಮಾತು. ನಿಮ್ಮ ನಿಯಮದಾಗ ಖಾಲಿ ಮನಿ ಅಳೀತೀರಿ. ನಾವು ಖಾಲಿ ಮಾಡಂಗಿಲ್ಲ. ಮಂದಿ ಒಳಗಾ ಇರ್ತಾರ, ಒಲಿ ಹಚ್ತಾರ, ರೊಟ್ಟಿ ಮಾಡ್ತಾರ. ಆಗ ಅಳೀರಿ.”

ತುಳಜಾರಾಮ ಹಿಂದಿನಿಂದ ಅವಳ ತೋಳು ಜಗ್ಗಿದ. “ಒಲಿ ಹಚ್ಚಿದ್ರ ಎರಡು ಡಿಗ್ರಿ ಏರ್ತದ, ಹುಚ್ಚಿ.”

“ಏರ್ಲಿ. ಒಲಿ ಹಚ್ಚಲಾರದ ಮನಿ ತಂಪುಶಾಲಿ ಆಗ್ತದ. ಅದು ಇವರ ಹತ್ರ ಮದಲಾ ಅದ.”

ಮಾನ್ವೀಕರ್ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಹೊಸ ಹಾಳೆಯೊಂದನ್ನು ತೆಗೆದು ಆ ದಿನದ ತಾರೀಖು ಬರೆದರು.

ಮೊದಲ ದಿನ ಹೊರಗೆ ನಲವತ್ತಾರು. ಒಳಗೆ ಮೂವತ್ತೊಂದೂವರೆ. ಎರಡನೆಯ ದಿನ ನಲವತ್ತೇಳು, ಒಳಗೆ ಮೂವತ್ತೆರಡು. ಮೂರನೆಯ ದಿನ ಬೆಳಗಿನಿಂದಲೇ ಗಾಳಿ ಬೆಂಕಿಯಾಗಿತ್ತು. ಗಣಿಯ ಬಂಡೆಗಳು ಕಾದು ಟಣ್ ಎಂದು ಸಿಡಿಯುತ್ತಿದ್ದವು. ಮಧ್ಯಾಹ್ನ ಎರಡಕ್ಕೆ ಹೊರಗೆ ನಲವತ್ತೊಂಬತ್ತು. ನೀಲಗಂಗಾ ಪರದೆಯ ಕೋಣೆಯಲ್ಲಿ ಕೂರಲಾರದೆ ಓಣಿಗೇ ಬಂದಿದ್ದಳು. ಹನ್ನೆರಡನೆಯ ಮನೆಯೊಳಗೆ ಚಂದಮ್ಮ ಒಲೆಯ ಮುಂದೆ ಕೂತು ಬಡಿಯುತ್ತಿದ್ದಳು. ಟಪ ಟಪ ಟಪ. ಅಕ್ಕಪಕ್ಕದ ಮನೆಗಳಿಂದಲೂ ಅದೇ ಸದ್ದು, ಜೊತೆಗೆ ಗೋಡೆಗಳ ಸರಸರ. ಎಷ್ಟೋ ವರ್ಷಗಳಿಂದ ಚೈತ್ರದ ಮಧ್ಯಾಹ್ನ ಆ ಓಣಿಯಲ್ಲಿ ಕೇಳದಿದ್ದ ಸದ್ದು.

ಮಾಪಕ ಮೂವತ್ತೆರಡೂವರೆಗೆ ಏರಿತು. ಮೂವತ್ತೆರಡು ಮುಕ್ಕಾಲು. ಮಾನ್ವೀಕರ್ ಸಾಹೇಬರು ಗೋಡೆಯ ಪಕ್ಕ ಮಣೆ ಹಾಕಿಕೊಂಡು ಅದನ್ನೇ ನೋಡುತ್ತಿದ್ದರು. ತುಳಜಾರಾಮ ಫೋನಿನಲ್ಲಿ, “ನಿಮ್ಮ ಅವ್ವಗ ಒಲಿ ಸಣ್ಣ ಮಾಡು ಅನ್ನು,” ಎಂದು ಗೋಗರೆದ. ನೀಲಗಂಗಾ ಹೇಳಲಿಲ್ಲ. ತೆಂಕಣ ಗೋಡೆಯ ರೆಪ್ಪೆಗಳು ಇನ್ನೂ ಅರೆತೆರೆದಿದ್ದವು, ಅವುಗಳಲ್ಲಿ ಇನ್ನೂ ದಮ್ಮಿತ್ತು ಎಂಬುದನ್ನು ಅವಳು ಕಣ್ಣಾರೆ ಕಂಡಿದ್ದಳು. ಬಿಸಿಲು ಇನ್ನಷ್ಟು ಒಣಗಿಸಿತು. ಸರ್‍ರ್ ಎಂದು ಅವು ಪೂರ್ತಿ ಮುದುಡಿ ಕಿಂಡಿಗಳೆಲ್ಲ ತೆರೆದುಕೊಂಡವು. ಹಸಿಮಣ್ಣಿನ ವಾಸನೆಯ ಗಾಳಿಯೊಂದು ಕೋಣೆಯನ್ನು ಹಾದುಹೋಯಿತು. ಒಲೆಯ ಜ್ವಾಲೆ ಒಂದು ಪಕ್ಕಕ್ಕೆ ವಾಲಿತು. ಮಾಪಕ ನಿಂತಿತು. ಮತ್ತೆ ಇಳಿಯತೊಡಗಿತು. ಮೂರೂವರೆಗೆ ಮೂವತ್ತೆರಡು. ನಾಲ್ಕಕ್ಕೆ ಮೂವತ್ತೊಂದು.

ಫೋನಿನಲ್ಲಿ ತುಳಜಾರಾಮ ಕೂಗಿಕೊಂಡ. “ನಲವತ್ತೊಂದೂ ಹಸಿರು, ನೀಲಾ. ನಲವತ್ತೊಂದೂ.”

ಸಾಹೇಬರು ಕೈಯಲ್ಲಿದ್ದ ಯಂತ್ರದಲ್ಲಿ ವರದಿ ತುಂಬತೊಡಗಿದರು. ಓಣಿಯ ಹೆಸರು, ಮನೆಗಳ ಸಂಖ್ಯೆ, ವಾಸಕ್ಕೆ ಯೋಗ್ಯವೇ: ಹೌದು. ಕೊನೆಯ ಸಾಲಿನಲ್ಲಿ ಅವರ ಬೆರಳು ನಿಂತಿತು. ‘ತಂಪುಶಾಲೆಗೆ ಸಾಗಿಸಬೇಕಾದವರು’ ಎಂಬಲ್ಲಿ ಸೊನ್ನೆ ಒತ್ತಿದರೆ ಯಂತ್ರ ಒಪ್ಪುತ್ತಿರಲಿಲ್ಲ. ಮೂರು ಸಲ ಒತ್ತಿದರು. ಮೂರು ಸಲವೂ, ಸರಿಯಾದ ಸಂಖ್ಯೆ ನಮೂದಿಸಿ ಎಂದಿತು.

“ಇದಕ್ಕ ಸೊನ್ನಿನೇ ಗೊತ್ತಿಲ್ಲ,” ಎಂದರು ಸಾಹೇಬರು ಪೆಚ್ಚಾಗಿ. “ಯಾರೂ ಬರೆಯೋ ಪ್ರಸಂಗ ಬಂದೇ ಇಲ್ಲ ನೋಡ್ರಿ.”

ಯಂತ್ರವನ್ನು ಬದಿಗಿಟ್ಟು, ಚೀಲದಿಂದ ಕಾಗದದ ನಮೂನೆ ಹುಡುಕಿ ತೆಗೆದು, ಜೇಬಿನ ಪೆನ್ನಿನ ಮುಚ್ಚಳ ಬಿಚ್ಚಿದರು. ಬಾಗಿಲಲ್ಲಿ ಓಣಿಯ ಅರ್ಧ ಮಂದಿ ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ನೋಡುತ್ತಿದ್ದರು. ಖಾಜಾಬೀ ಸೆರಗಿನಿಂದ ಕಣ್ಣೊರೆಸಿಕೊಂಡರು. ಚಂದಮ್ಮ ಹೆಂಚಿನ ಮೇಲಿನ ರೊಟ್ಟಿ ಮಗುಚುತ್ತ, ತಿರುಗಿ ಕೂಡ ನೋಡದೆ ಹೇಳಿದಳು.

“ಗುಂಡಗ ಬರೀರಿ ಸಾಹೇಬ್ರ. ರೊಟ್ಟಿ ಹಂಗ.”